ಸೆರಗಿನ ಮೇಲೆ ಕರ್ನಾಟಕ

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ನನಗೆ ಕಲಿಸಿ ಹದಿನೈದು ದಿನವಾಯಿತು. ನಿನ್ನೆ ಅವಳು ತನ್ನ ಸಂಬಳವನ್ನೆಲ್ಲ ಒಂದು ಕಂಪನಿಯ ಷೇರಿಗೆ ಹಾಕುತ್ತೇನೆ ಎಂದಳು. ಯಾಕೆ ಅಂದರೆ, “ಆ ಕಂಪನಿ ಅಂದ್ರ ನನಗ ಭಾಳ ಪ್ರೀತಿ ಅಜ್ಜಿ.” ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ಪ್ರೀತಿಗೆ ದುಡ್ಡು ಹಾಕಿದವಳು ನಾನೂ ಹೌದು. ಅದೂ ನನ್ನ ದುಡ್ಡಲ್ಲ, ಚಿಗವ್ವನದು.

ಚಿಗವ್ವ ನನ್ನ ಅವ್ವನ ತಂಗಿ. ಬೆಳ್ಳಟ್ಟಿಯಲ್ಲಿ ಗಂಡನನ್ನು ಕಳೆದುಕೊಂಡು ಬೆಟಗೇರಿಯ ನಮ್ಮ ಮನೆಗೆ ಬಂದಿದ್ದಳು. ಒಂದು ಹೊಲಿಗೆ ಮಷಿನ್ ಕೊಂಡು, ಬೇರೆ ಖೋಲಿ ಹಿಡಿದು, ಯಾರ ಹಂಗೂ ಇಲ್ಲದೆ ಇರಬೇಕೆಂಬುದು ಅವಳ ಆಸೆ. ಕೈಯ ಬಂಗಾರದ ಪಾಟಲಿ ಮಾರಿದ ದುಡ್ಡು ಅದಕ್ಕೆ ಸಾಲಲಿಲ್ಲ.

“ಸೀರಿ ನೇಯಿಸಿ ಮಾರೂಣು ಚಿಗವ್ವ, ರೊಕ್ಕ ಬೆಳೀತೈತಿ,” ಎಂದೆ.

“ನೀ ಶ್ಯಾಣ್ಯಾಕಿ. ನಿನಗ ತಿಳದಂಗ ಮಾಡು.”

ಮನೆಯಲ್ಲಿ ಪೇಪರು ಓದುವ ಹೆಣ್ಣು ನಾನೊಬ್ಬಳೇ ಆಗಿದ್ದೆ. ಅದರ ಸೊಕ್ಕೂ ಇತ್ತು. ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾಗುವ ವರ್ಷ ಅದು. ಮೆರವಣಿಗೆಗಳಲ್ಲಿ ಕೂಗಿ ಕೂಗಿ ನನ್ನ ಗಂಟಲು ಒಡೆದಿತ್ತು. ಓಣಿಯ ನೇಕಾರನ ಬಳಿ ಹೋಗಿ, ಹನ್ನೆರಡು ಸೀರೆಗೂ ಸೆರಗಿನ ತುಂಬ ‘ಕರ್ನಾಟಕ’ ಎಂದು ನೇಯಬೇಕು ಅಂದೆ.

“ಅಕ್ಷರ ಬ್ಯಾಡ ತಂಗಿ,” ಅಂದ ಅವನು. “ಸೆರಗಿಲೆ ಹೆಣ್ಮಕ್ಕಳು ಕೂಸಿನ ಮೂಗು ಒರಸ್ತಾರ, ಬಿಸಿ ಬೋಗುಣಿ ಹಿಡೀತಾರ. ಅಕ್ಷರ ಅಂದ್ರ ಸರಸೋತಿ. ಬರೇ ಅಂಚು ಹಾಕಿ ಕೊಡ್ತೀನಿ, ಜಲ್ದಿ ಮಾರಾಟ ಆಗ್ತಾವು.”

“ಯಾಕ ಕಾಕಾ, ಕರ್ನಾಟಕ ಆಗೋದು ನಿಮಗ ಬ್ಯಾಡಾಗೇತೇನು?”

ಅವನ ಮುಖ ಸಣ್ಣದಾಯಿತು. “ನೇಯ್ತೀನಿ ತಗೋ,” ಎಂದ.

ಸೀರೆ ಹೊತ್ತುಕೊಂಡು ಚಿಗವ್ವನೂ ನಾನೂ ಮನೆ ಮನೆ ತಿರುಗಿದೆವು. ಹೆಂಗಸರು ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಮಡಚಿ ವಾಪಸ್ಸು ಕೊಡುತ್ತಿದ್ದರು.

“ಇದನ್ನ ಉಟಗೊಂಡು ಎಲ್ಲಿ ಕುಂಡ್ರಲಿ? ಕರ್ನಾಟಕದ ಮ್ಯಾಲೇನ?” ಎಂದು ಒಬ್ಬಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಗ್ವಾಡಿಗೆ ಮೊಳಿ ಹೊಡದು ತೂಗ ಹಾಕ್ರಿ!”

ನನಗೂ ನಗು ಬಂತು. ಚಿಗವ್ವನ ಮುಖ ನೋಡಿ ನುಂಗಿಕೊಂಡೆ.

ರಾಜ್ಯವೇನೋ ಆಯಿತು, ಆದರೆ ಅದಕ್ಕೆ ಮೈಸೂರು ಎಂದು ಹೆಸರಿಟ್ಟರು. ಮುಂಡರಗಿಯ ವ್ಯಾಪಾರಿಯೊಬ್ಬ, ಸೆರಗು ಕತ್ತರಿಸಿ ಕೊಟ್ಟರೆ ಮುಕ್ಕಾಲು ಬೆಲೆಗೆ ಎಲ್ಲವನ್ನೂ ಒಯ್ಯುತ್ತೇನೆ ಎಂದ. “ನಾಡಿನ ಹೆಸರಿಗೆ ಕತ್ತರಿ ಹಾಕಸಂಗಿಲ್ಲ,” ಎಂದು ನಾನೇ ಅವನನ್ನು ಕಳಿಸಿಬಿಟ್ಟೆ. ಚಿಗವ್ವ ಸೀರೆಗಳನ್ನು ಮತ್ತೆ ಮಡಚಿ ಟ್ರಂಕಿಗೆ ಹಾಕಿದಳು. ವರ್ಷ ಕಳೆಯಿತು, ಮಡಿಕೆಗಳಲ್ಲಿ ಬಣ್ಣ ಬಿಳುಚಿತು. ಒಂದು ಮಧ್ಯಾಹ್ನ ಅವಳೇ ಕತ್ತರಿ ತಗೊಂಡು ಕುಳಿತು ಹನ್ನೆರಡೂ ಸೆರಗು ಕತ್ತರಿಸಿದಳು. ಮಾರಿದಾಗ ಸಿಕ್ಕಿದ್ದು ನೂಲಿನ ಖರ್ಚಿನಷ್ಟೂ ಅಲ್ಲ.

“ಆ ನೇಕಾರಗ ಗೊತ್ತಿರ್ತಿತ್ತಲ್ಲ. ನಿನಗ ಒಂದ ಮಾತು ಹೇಳಬಾರದಿತ್ತೇನ?” ಎಂದು ಕೇಳಿದಳು.

“ಹೇಳಲಿಲ್ಲ,” ಅಂದೆ.

ಎಂದೂ ದನಿ ಎತ್ತದ ಚಿಗವ್ವ ಅವನ ಬಾಗಿಲಿಗೆ ಹೋಗಿ, “ವಿಧವಿ ರೊಕ್ಕ ತಿಂದಿ, ನಿನ್ನ ಮಗ್ಗ ಮುರೀಲಿ,” ಎಂದು ಬೈದಳು. ಅವನು ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ, “ತಪ್ಪಾತ ಯವ್ವಾ,” ಎಂದ.

ಚಿಗವ್ವ ಕೊನೆಯವರೆಗೂ ನಮ್ಮ ಅಡಿಗೆ ಮನೆಯಲ್ಲೇ ಮಲಗಿದಳು. ಅವಳಿಗೆ ಖರೆ ಹೇಳಲು ನನಗೆ ಇಪ್ಪತ್ತು ವರ್ಷಗಳ ಸಮಯ ಇತ್ತು. ಹೇಳಲಿಲ್ಲ.