ಮಸೂರದಮ್ಮನ ಎಂಟು ತಿಂಗಳು

ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅವಳು ಮಸೂರದಮ್ಮ. ಹೊಸಬರು ಬೇಳೆ ಮಾರುವವಳೆಂದುಕೊಂಡು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ದಾನವಾಗಿ ಬಂದ ಕಣ್ಣುಗಳಿಂದ ಮಸೂರ, ಅಂದರೆ ಪಾಪೆಯ ಹಿಂದಿನ ಲೆನ್ಸು, ಬಿಡಿಸಿ ಪರೀಕ್ಷಿಸುವುದು ಅವಳ ಇಪ್ಪತ್ತೊಂಬತ್ತು ವರ್ಷಗಳ ಕೆಲಸ. ಜೀವಕೋಶದೊಳಗೆ ನುಗ್ಗಿದ ಕ್ಯಾಲ್ಸಿಯಮ್ಮನ್ನು ಆಚೆಗೆ ದಬ್ಬುವ ಪ್ರೋಟೀನೊಂದು ಮಸೂರದಲ್ಲಿದೆ. ವಯಸ್ಸಾದಂತೆ ಅದರ ಕೈ ಸೋಲುತ್ತದೆ, ಕ್ಯಾಲ್ಸಿಯಂ ಒಳಗೇ ಬೀಡುಬಿಡುತ್ತದೆ, ಮಸೂರ ಮಬ್ಬಾಗುತ್ತದೆ. ಆ ಪ್ರೋಟೀನು ಎಷ್ಟಿದೆಯೆನ್ನುವುದು ಫಿಲ್ಮಿನ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಗೆರೆ ಎಷ್ಟು ದಟ್ಟವೆಂದು ಓದಿ ಬರೆಯುವವಳು ಅವಳೇ. ಯಂತ್ರಕ್ಕಿಂತ ಅವಳ ಕಣ್ಣನ್ನೇ ಎಲ್ಲರೂ ನಂಬುತ್ತಿದ್ದರು.

ಮನೆಯೆಂದರೆ ಮೂರನೇ ಮಹಡಿಯ ಒಂದು ಕೋಣೆ. ಅಕ್ಕ ತೀರಿಕೊಂಡ ಮೇಲೆ ಬಾಗಿಲು ತಟ್ಟುವವರೇ ಇರಲಿಲ್ಲ. ಎರಡು ದಿನ ಮಾತಾಡದೆ ಸೋಮವಾರ ಬೆಳಿಗ್ಗೆ ಬಾಯಿ ತೆರೆದರೆ ಗಂಟಲು ಗೊರಗೊರ ಎನ್ನುತ್ತಿತ್ತು.

ಒಂದು ಬುಧವಾರ ಇಪ್ಪತ್ತೆರಡು ವರ್ಷದವನೊಬ್ಬನ ಮಸೂರಕ್ಕೆ ಅವಳು "ಗೆರೆ ಮಸುಕು" ಎಂದು ಬರೆದಳು. ಆ ವಯಸ್ಸಿಗೆ ಅದು ಸೋಜಿಗ. ಮೇಲ್ವಿಚಾರಕಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಮಸುಕಲ್ಲ ಅಕ್ಕಾ. ಕಪ್ಪಗೆ ಎದ್ದು ಕಾಣ್ತಿದೆ."

ಮಸೂರದಮ್ಮ ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ನೋಡಿದಳು. ಬಲಗಣ್ಣಿಗೆ ಜಗವೆಲ್ಲ ಹಾಲು ಬೆರೆತ ನೀರು. ಎಡಗಣ್ಣಿಗೆ ತುಸು ತಿಳಿ, ಅಷ್ಟೇ. ಮೇಜಿನ ದೀಪ ಹಳತಾಯಿತೆಂದು ಎಂಟು ತಿಂಗಳಿಂದ ದೂರುತ್ತಿದ್ದದ್ದು ನೆನಪಾಯಿತು. ಆ ಎಂಟು ತಿಂಗಳ ದಾಖಲೆ ಪುಸ್ತಕ ತೆಗೆದು, ಪುಟಪುಟದ ಅಂಚಿಗೂ "ಈ ಓದು ನಂಬಬೇಡಿ" ಎಂದು ತನ್ನ ಕೈಯಾರೆ ಬರೆದು ಸಹಿ ಹಾಕಿದಳು. ಅಷ್ಟೆಲ್ಲ ಬೇಡವೆಂದು ಮೇಲ್ವಿಚಾರಕಿ ಎಷ್ಟು ಹೇಳಿದರೂ ಕೇಳಲಿಲ್ಲ.

ಎರಡೂ ಕಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆ ಆಗಬೇಕು ಎಂದ ಕಣ್ಣಿನ ಡಾಕ್ಟರನ್ನು ಅವಳು ಕೇಳಿದ್ದು ಒಂದೇ: ತೆಗೆದ ಮಸೂರ ತನಗೆ ಸಿಗುತ್ತದೆಯೇ?

"ಇಡಿಯಾಗಿ ಎಲ್ಲಿ ಸಿಗುತ್ತೆ? ಒಳಗೇ ಪುಡಿ ಮಾಡಿ ಹೀರಿಬಿಡ್ತೀವಿ," ಎಂದ ಆತ.

ಎರಡು ಸಾವಿರ ಮಂದಿಯ ಮಸೂರ ಮುಟ್ಟಿದವಳಿಗೆ ತನ್ನದು ನೋಡಲು ಸಿಗಲಿಲ್ಲ. ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಫಾರಂನಲ್ಲಿ ಜೊತೆಗೆ ಬಂದವರ ಹೆಸರು ಬರೆಯುವ ಜಾಗವನ್ನು ಖಾಲಿ ಬಿಟ್ಟಳು. ದಾದಿ ಒಪ್ಪದಿದ್ದಾಗ ಮೇಲ್ವಿಚಾರಕಿಯ ಹೆಸರು ಹೇಳಿದಳು. ದಾದಿಯೇ ಫೋನ್ ಮಾಡಿದಳು. ಮೇಲ್ವಿಚಾರಕಿ ಬಂದಳು, ಎಲ್ಲ ಮುಗಿದ ಮೇಲೆ ಮನೆತನಕ ಕೈಹಿಡಿದು ಕರೆತಂದು ಬಿಟ್ಟು, ಗಡಿಬಿಡಿಯಲ್ಲಿ ಹೊರಟುಹೋದಳು.

ಎರಡೂ ಕಣ್ಣಿನ ಗಾಯ ಮಾಯ್ದ ಮೇಲೆ ಮಸೂರದಮ್ಮ ಆ ಎಂಟು ತಿಂಗಳ ಫಿಲ್ಮುಗಳನ್ನೆಲ್ಲ ಮತ್ತೆ ಓದಿದಳು. ಮೂವತ್ತೊಂದು ತಪ್ಪಿದ್ದವು. ಎಲ್ಲವನ್ನೂ ತಿದ್ದಿದಳು.

ಅಂದು ಸಂಜೆ ಇನ್ನೂ ಬೆಳಕಿರುವಾಗಲೇ ಕೋಣೆಗೆ ಬಂದು, ಮೊದಲ ಬಾರಿಗೆ ಗಮನವಿಟ್ಟು ನೋಡಿದರೆ ಗೋಡೆ ನೀಲಿ. ಬೂದು ಬಣ್ಣವೆಂದೇ ಅಂದುಕೊಂಡಿದ್ದಳು. ಯಾರಿಗಾದರೂ ಹೇಳಬೇಕೆನಿಸಿ ಫೋನು ಕೈಗೆತ್ತಿಕೊಂಡಳು, ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿದಳು, ಕೆಳಗಿಟ್ಟಳು. ಚಹಾ ಮಾಡಿಕೊಂಡು, ಬೆಳಕು ಹೋಗುವತನಕ ಗೋಡೆಗೆ ಎದುರಾಗಿ ಕುಳಿತಿದ್ದಳು.