ಅಣ್ಣನ ಕಾಲೇಜಿಗೆ ಹೂ ಹಚ್ಚಿ ಕೇಳಿದ್ದು

ಇವತ್ತು ಬೆಳಿಗ್ಗೆ ಸೊಸೆ ಹಣಮಪ್ಪನ ಗುಡಿಯಿಂದ ಬಂದವಳೇ ಒದ್ದೆ ಕಣಗಿಲೆ ಹೂವೊಂದನ್ನು ಊಟದ ಮೇಜಿನ ಮೇಲಿಟ್ಟಳು. ಮಗಳನ್ನು ಸೈನ್ಸಿಗೆ ಹಾಕಬೇಕೋ ಕಾಮರ್ಸಿಗೆ ಹಾಕಬೇಕೋ ಎಂದು ದೇವರನ್ನೇ ಕೇಳಿಕೊಂಡು ಬಂದಿದ್ದಳಂತೆ. ಹೂವಿಗೆ ಎಣ್ಣೆ, ಗಂಧ, ಕಲ್ಲಿನ ತಂಪು ಎಲ್ಲ ಸೇರಿದ ಒಂದು ವಾಸನೆಯಿತ್ತು. ಅದು ಮೂಗಿಗೆ ತಾಗಿದ್ದೇ ತಡ, ನಾನು ತವರೂರು ಕರಜಗಿಯ ಹಣಮಪ್ಪನ ಗುಡಿಯಲ್ಲಿ, ಎರಡು ಜಡೆಯ ಹುಡುಗಿಯಾಗಿ, ಕಾಲು ಜೋಮು ಹಿಡಿದು ಕುಳಿತಿದ್ದೆ. ಪುರುಸೊತ್ತಿದ್ದರೆ ನೀವೂ ಬನ್ನಿ, ಪಕ್ಕದಲ್ಲಿ ಜಾಗವಿದೆ.

ನಿಜಾಮರ ಕಾಲ. ಅಣ್ಣ ಮೆಟ್ರಿಕ್ ಪಾಸಾಗಿದ್ದ. ಹೇಗೆ ಪಾಸಾದ ಎಂಬುದು ಅವನಿಗೂ ಗೊತ್ತಿರಲಿಲ್ಲ. ಗುಲ್ಬರ್ಗಾದ ಕಾಲೇಜಿಗೆ ಕಳಿಸುವುದೆಂದು ಠರಾಯಿಸಿದ್ದಾಗಿತ್ತು. ಏನು ಓದಿಸಬೇಕು ಎಂಬುದರ ಮೇಲೆ ಮನೆ ಎರಡಾಗಿತ್ತು. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಹೊಲದ ಬದುವಿನ ತಕರಾರಿಗಾಗಿ ಅಫಜಲಪುರದ ಅದಾಲತ್ತಿಗೆ ಅಲೆದು ಚಪ್ಪಲಿ ಸವೆಸಿದವರು. ಅವರಿಗೆ ಮನೆಯಲ್ಲೊಬ್ಬ ವಕೀಲ ಬೇಕಿತ್ತು, ಹಾಗಾಗಿ ಆರ್ಟ್ಸ್. ಸೋದರಮಾವ ಆಳಂದದ ದವಾಖಾನೆಯಲ್ಲಿ ಕಂಪೌಂಡರ್. ಪರವೂರಿನ ಡಾಕ್ಟರುಗಳಿಂದ ಬೈಸಿಕೊಂಡು ಬೇಸತ್ತು, ಬೈಸಿಕೊಳ್ಳುವುದಾದರೆ ನಮ್ಮ ಹುಡುಗನಿಂದಲೇ ಬೈಸಿಕೊಳ್ಳೋಣ ಎಂದು ಸೈನ್ಸಿಗೆ ಪಟ್ಟು ಹಿಡಿದಿದ್ದ. ಅಣ್ಣನಿಗೆ ಬೇಕಾದದ್ದು ಹಾಸ್ಟೆಲ್ಲು ಮತ್ತು ಗುಲ್ಬರ್ಗಾದ ಸಿನಿಮಾ.

ಆಗ ಕಾಲೇಜಿನ ಪಾಠವೆಲ್ಲ ಉರ್ದುವಿನಲ್ಲಿ. ಪ್ರಾಣಿಶಾಸ್ತ್ರಕ್ಕೆ ಹೈವಾನಿಯಾತ್ ಎನ್ನುತ್ತಿದ್ದರು. ನಮ್ಮ ಕಡೆ ಹೈವಾನ್ ಎಂದರೆ ಮೃಗ, ಶುದ್ಧ ಬೈಗುಳ. ಅವ್ವ ಅದನ್ನು ಕೇಳಿ, "ಅದನ್ನ ಕಲಿಯಾಕ ಗುಲ್ಬರ್ಗಾಕ ಯಾಕ ಹೋಗಬೇಕು? ಮನ್ಯಾಗ ದಿನಾ ಅದನ್ನ ಮಾಡಾಕತ್ತಾನಲ್ಲ!" ಎಂದಿದ್ದಳು. ನನಗೂ ಉರ್ದು ಬರುತ್ತಿತ್ತು. ಅಣ್ಣನಿಗೆ ಕಲಿಸಲು ಮನೆಗೆ ಬರುತ್ತಿದ್ದ ಮೌಲ್ವಿ ಸಾಬರು ಪಡಸಾಲೆಯಲ್ಲಿ ಪಾಠ ಹೇಳುವಾಗ ನಾನು ಒಳಗೆ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದೆ. ಅವರು ಅಣ್ಣನನ್ನು ಕೇಳಿದ್ದಕ್ಕೆ ನಾನು ಒಳಗಿನಿಂದ ಉತ್ತರ ಕೊಟ್ಟು ಅವ್ವನ ಕೈಯಲ್ಲಿ ಮೊಟಕಿಸಿಕೊಳ್ಳುತ್ತಿದ್ದೆ. ನನಗೆ ಓದಬೇಕಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ರೊಟ್ಟಿಗಿಂತ ಹೆಚ್ಚಾಗಿ ಬೇಕಿತ್ತು.

ಜಗಳ ಹರಿಯದಾಗ ಹಣಮಪ್ಪನಿಗೆ ಹೂ ಹಚ್ಚಿ ಕೇಳುವುದೆಂದಾಯಿತು. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಮದುವೆ, ಬಾವಿ, ಎತ್ತಿನ ಖರೀದಿ ಎಲ್ಲಕ್ಕೂ ಹೀಗೇ ಕೇಳಿ ರೂಢಿಯಾದ ದೇವರು. ಆದರೆ ಮುತ್ಯಾ ಬಲಕ್ಕೆ ಆರ್ಟ್ಸ್, ಎಡಕ್ಕೆ ಸೈನ್ಸ್ ಎಂದು ಬೇಡಿಕೊಂಡರು. ಮಾವ ಎದ್ದು ನಿಂತ.

"ಎಡಕ್ಕ ಅಂದ್ರ ಇಲ್ಲ ಅಂತ ಆತಲ್ರಿ. ನನ್ನ ಸೈನ್ಸಿನ ಬಲಕ್ಕ ಹಚ್ರಿ."

"ಹಿರ್ಯಾರು ಯಾರಲೇ ಇಲ್ಲಿ?"

"ಹಿರ್ಯಾರು ಹಣಮಪ್ಪ ಅದಾನ್ರಿ."

ಹಣಮಪ್ಪ ಜಾಣ. ಎರಡೂ ಹೂವನ್ನು ಹಿಡಿದುಕೊಂಡು ಸುಮ್ಮನೆ ಕುಳಿತ. ಬಿಸಿಲು ಹೊಸ್ತಿಲು ದಾಟಿತು, ಹೂ ಬಾಡಿತು, ಅಣ್ಣ ಕಂಬಕ್ಕೆ ಒರಗಿ ಗೊರಕೆ ಹೊಡೆಯತೊಡಗಿದ. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ, "ಪೂಜಾರಿ ಕಾಕಾ, ನನಗೂ ಒಂದ್ಸಲ ಹಚ್ಚಿ ಕೇಳ್ರಿ. ನಾ ಓದಬೇಕೋ ಬ್ಯಾಡೋ?" ಎಂದೆ. ಎಲ್ಲರೂ ನಕ್ಕರು. ಹೊತ್ತು ಹೋಗದೆ ಬೇಸತ್ತಿದ್ದ ಪೂಜಾರಿ ಚೇಷ್ಟೆಗೆಂದು ಹೊಸ ಹೂ ಅದ್ದಿ ಹಚ್ಚಿದ. ಕೈ ತೆಗೆಯುವುದಕ್ಕಿಲ್ಲ, ಬಲಗಡೆಯ ಹೂ ಟಪ್ಪನೆ ಬಿತ್ತು.

ನಗು ನಿಂತಿತು. ನೀರು ಹೆಚ್ಚಾಗಿತ್ತು ಎಂದು ಮಾವ ಗೊಣಗಿದ. ಅದು ನೀರಿನ ಮಹಿಮೆಯೋ ಹಣಮಪ್ಪನ ಮಹಿಮೆಯೋ, ನನಗೆ ಇವತ್ತಿಗೂ ಬೇಕಾಗಿಲ್ಲ. ಆದರೆ ದೇವರ ಅಪ್ಪಣೆಯನ್ನು ಮೀರುವ ಧೈರ್ಯ ಆ ಗುಡಿಯಲ್ಲಿ ಯಾರಿಗೂ ಇರಲಿಲ್ಲ. ಮುತ್ಯಾ ಬಹಳ ಹೊತ್ತು ಮೀಸೆ ತಿರುವಿ ಕೊನೆಗೆ ತೀರ್ಪು ಕೊಟ್ಟರು. "ಓದಬೇಕು ಅಂದಾನ, ಖರೆ. ಎಲ್ಲಿ ಅಂತ ಅಂದಿಲ್ಲ. ಮನ್ಯಾಗ ಓದ್ಲಿ." ವಕೀಲನಿಗಾಗಿ ಊರೆಲ್ಲ ಹುಡುಕುತ್ತಿದ್ದ ಮುದುಕ ಸ್ವತಃ ಎಂಥ ವಕೀಲ ನೋಡಿ!

ಅಣ್ಣನ ವಿಷಯದಲ್ಲಿ ರಾಜಿಯಾಯಿತು. ಮೊದಲು ಸೈನ್ಸ್, ಆಗದಿದ್ದರೆ ಆರ್ಟ್ಸ್. ಅಣ್ಣ ಯಾರ ಮನಸ್ಸನ್ನೂ ನೋಯಿಸುವವನಲ್ಲ, ಎರಡರಲ್ಲೂ ನಪಾಸಾದ. ಅವನು ಸೋತ ವಿಷಯಗಳ ಪುಸ್ತಕಗಳೆಲ್ಲ ಮನೆಗೆ ಬಂದವು, ಹಾಳೆ ಸಹ ಮಡಚಿರದ ಹೊಸ ಪುಸ್ತಕಗಳು. ನಾನು ಒಂದನ್ನೂ ಬಿಡಲಿಲ್ಲ. ಗಿಡಗಳ ಪುಸ್ತಕ ಓದಿ ಭೀಮಾ ನದಿಯ ದಂಡೆಯ ಉಮ್ಮತ್ತಿ ಹೂಗಳನ್ನು ಸೀಳಿ ನೋಡಿದೆ. ರಸಾಯನಶಾಸ್ತ್ರ ಓದಿ ಅವ್ವನ ತಾಮ್ರದ ತಂಬಿಗೆಯನ್ನು ಕೆಡಿಸಿದೆ. ಇತಿಹಾಸ, ಅರ್ಥಶಾಸ್ತ್ರ ಆಯಿತು. ಯಾವ ಕಾಲೇಜೂ ಯಾರಿಗೂ ಕೊಡದ ಕಲಬೆರಕೆ ವಿದ್ಯೆ ನನ್ನದು.

ಕೊನೆಗೆ ಕೈಗೆ ಬಂದದ್ದು ತರ್ಕಶಾಸ್ತ್ರ. ಅದನ್ನು ಮುಗಿಸಿದವಳೇ ಹುಮ್ಮಸ್ಸಿನಿಂದ ಮುತ್ಯಾನ ಎದುರು ಹೋಗಿ ಕುಳಿತೆ.

"ಮುತ್ಯಾ, ದೇವರ ಮಾತು ಮೀರಬಾರದು, ಹೌದಿಲ್ಲೋ?"

"ಹೌದು ಬೇ."

"ದೇವರು ನನಗ ಓದು ಅಂದಾನ. ಪರೀಕ್ಷಾ ಕಟ್ಟದಿದ್ರ ಓದು ಪೂರಾ ಆಗಂಗಿಲ್ಲ. ಅಂದಮ್ಯಾಲ..."

"ಅಂದಮ್ಯಾಲ ನಿನಗ ಲಗ್ನ ಮಾಡಬೇಕು," ಎಂದರು ಮುತ್ಯಾ.

ಆ ಮಾದರಿಯ ವಾದ ಪುಸ್ತಕದಲ್ಲಿ ಇರಲಿಲ್ಲ. ಮುಂಗಾರಿಗೆ ಮುಂಚೆ ಜೇವರ್ಗಿಗೆ ಕೊಟ್ಟರು. ಪುಸ್ತಕಗಳು ಅಟ್ಟದ ಮೇಲೆ ಉಳಿದವು. ಗಂಡನ ಮನೆಯವರು ಕೆಟ್ಟವರಲ್ಲ, ಆದರೆ ಸಾರಿಗೆ ಉಪ್ಪು ಹೆಚ್ಚಾದರೆ "ಓದಿದಾಕಿ" ಎನ್ನುತ್ತಿದ್ದರು, ಕಡಿಮೆಯಾದರೂ ಹಾಗೇ ಎನ್ನುತ್ತಿದ್ದರು. ಅಳು ಬರುತ್ತಿತ್ತು. ಅದಕ್ಕೂ ಕಾರಣ ಓದೇ ಎಂದು ಬಗೆಯುತ್ತಾರೆಂದು ಅಳಲಿಲ್ಲ.

ಇಲ್ಲಿ ಮೇಜಿನ ಸುತ್ತ ಮಗ, ಸೊಸೆ ಹೂ ಬಿದ್ದದ್ದು ಸೈನ್ಸಿಗೋ ಕಾಮರ್ಸಿಗೋ ಎಂದು ಇನ್ನೂ ವಾದಿಸುತ್ತಿದ್ದಾರೆ. ಮಕ್ಕಳ ಸಂಸಾರದಲ್ಲಿ ಬಾಯಿ ಹಾಕಬಾರದು ಎಂದು ವ್ರತ ಹಿಡಿದವಳು ನಾನು. ಇವತ್ತು ಮುರಿದೆ. "ಹಣಮಪ್ಪನ್ನ ಕೇಳೀರಿ, ಆತು. ಹುಡುಗಿನ್ನ ಕೇಳೀರೇನು?" ಎಂದೆ. ಮೊಮ್ಮಗಳು ಅವರ ಕಡೆ ನೋಡದೆ ನನ್ನ ಕಡೆಗೇ ಕುರ್ಚಿ ಎಳೆದುಕೊಂಡಳು.

"ಅಜ್ಜಿ, ನಿನಗ ಯಾವುದು ಓದಬೇಕಿತ್ತು?"

ಮುತ್ಯಾ ಕೇಳಿರಲಿಲ್ಲ, ಮಾವ ಕೇಳಿರಲಿಲ್ಲ, ನನ್ನ ಜೊತೆ ಇಷ್ಟು ವರ್ಷ ಬಾಳಿದವರೂ ಕೇಳಿರಲಿಲ್ಲ.

"ಗಿಡಗಳದ್ದು," ಎಂದೆ, ಅವಳ ಮಾತು ಮುಗಿಯುವ ಮೊದಲೇ.