ಬಿಸಿನೀರಿಗೆ ಕರಗುವ ಬಟ್ಟೆ

ಸುಗಿನೊ ಊರ ಸ್ನಾನದ ಮನೆಗೆ ಬಂದರೆ ಉಳಿದ ಹೆಂಗಸರು ತೊಟ್ಟಿಯ ಆಚೆ ಮೂಲೆಗೆ ಸರಿಯುತ್ತಿದ್ದರು. ಜಪಾನಿನ ಒಕಯಾಮದ ಬಟ್ಟೆ ಕಾರ್ಖಾನೆಯಲ್ಲಿ ಆರು ವರ್ಷ ಫಾರ್ಮಲಿನ್ ರಾಸಾಯನಿಕದ ತೊಟ್ಟಿಗಳ ನಡುವೆ ದುಡಿದವಳು. ಕೂದಲಿಗೆ ಹತ್ತಿದ ಆ ಘಾಟು ಯಾವ ಸೋಪಿಗೂ ಬಿಡದು. ತನ್ನ ಮೈ ಕಂಡರೆ ಅವಳಿಗೇ ಹೇಸಿಗೆ.

"ಹತ್ರ ಬನ್ನಿ, ನಾನೇನು ಕಚ್ಚಲ್ಲ."

"ನೀನು ಕಚ್ಚಲ್ಲಮ್ಮ, ನಿನ್ನ ವಾಸ್ನೆ ಕಚ್ಚುತ್ತೆ," ಎಂದು ಮೀನಂಗಡಿಯ ಮುದುಕಿ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಆ ಹಾಳು ಘಾಟಿಲ್ಲದೆ ಬಟ್ಟೆಯೂ ಇಲ್ಲ. ಯುದ್ಧ ಮುಗಿದ ಮೇಲೆ ಸುಣ್ಣಕಲ್ಲು, ಕಲ್ಲಿದ್ದಲಿನಿಂದ ಮಾಡತೊಡಗಿದ ಈ ನೂಲು ಹಾಗೇ ಬಿಟ್ಟರೆ ಬಿಸಿನೀರಲ್ಲಿ ಗಂಜಿಯಾಗುತ್ತದೆ. ಫಾರ್ಮಲಿನ್‌ನಲ್ಲಿ ಸಾಕಷ್ಟು ನೆನೆದು ಗುಣವೇ ಬದಲಾದ ಮೇಲೆ ಎಷ್ಟು ಕುದಿಸಿದರೂ ಜಗ್ಗುವುದಿಲ್ಲ. ತಯಾರಾದ ಪ್ರತಿ ಕಂತಿನ ಬಟ್ಟೆಯಿಂದ ತುಂಡೊಂದನ್ನು ಕುದಿಸಿ ನೋಡಿ, ಚೀಟಿಗೆ ತನ್ನ ಹೆಸರಿನ ಮುದ್ರೆ ಒತ್ತುವುದು ಸುಗಿನೊಳ ಕೆಲಸ. ಆ ಚೀಟಿಯಿಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಎಲ್ಲರಂತೆ ಅವಳೂ ಮುದ್ರೆಯನ್ನು ಕಚೇರಿಯ ಡ್ರಾಯರಿನಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದಳು. ದಡ್ಡತನವೇ ಸರಿ.

ಏಪ್ರಿಲ್‌ನಲ್ಲಿ ಶಾಲೆ ಶುರು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಸಮವಸ್ತ್ರದ ಬಟ್ಟೆ ಲಾರಿಗೆ ಏರುತ್ತಿತ್ತು. ಅವಳು ಕುದಿಸಿಯೇ ನೋಡದ ಕಂತು. ಚೀಟಿಯ ಮೇಲೆ ಅವಳದೇ ಕೆಂಪು ಮುದ್ರೆ. ವಿಭಾಗದ ಮುಖ್ಯಸ್ಥ ಮಿಯಾಕೆ ನೆನೆಸುವ ಹೊತ್ತನ್ನು ಅರ್ಧಕ್ಕೆ ಇಳಿಸಿದ್ದು ಅವಳಿಗೆ ಗೊತ್ತಿತ್ತು. ಒಂದು ತುಂಡು ಕತ್ತರಿಸಿ, ಚೀಟಿಯನ್ನೂ ಕಿತ್ತುಕೊಂಡು ಸೀದಾ ಕಚೇರಿಗೆ ನುಗ್ಗಿದಳು.

"ಯಜಮಾನ್ರೇ, ಇದನ್ನ ಮಕ್ಕಳ ತಾಯಂದಿರು ಕುದಿಸಿ ಒಗೀತಾರೆ."

"ತಣ್ಣೀರಲ್ಲಿ ಒಗೀಲಿ ಬಿಡು. ಬಟ್ಟೆ ಚೆನ್ನಾಗೇ ಇದೆ."

ಅವಳು ತುಂಡನ್ನು ಅವನ ಚಹಾದ ಬಟ್ಟಲಿಗೆ ಹಾಕಿ, ಕೆಂಡದ ಮೇಲಿದ್ದ ಕೆಟಲಿನಿಂದ ಕುದಿಯುವ ನೀರು ಸುರಿದಳು. ಬಟ್ಟೆ ಮುದುಡಿತು, ಸಿಂಬಳದಂತೆ ಲೋಳೆಯಾಯಿತು. ಕಚೇರಿಯ ಆರು ಜನ ನೋಡುತ್ತಿದ್ದರು. ಮಿಯಾಕೆ ಊದಿ ಒಂದಿಷ್ಟು ಆರಿಸಿ, ಬಟ್ಟಲೆತ್ತಿ ಸೊರ್ರನೆ ಕುಡಿದು ಮೂತಿ ಒರೆಸಿಕೊಂಡ.

"ಚಹಾ ಇವತ್ತು ಸ್ವಲ್ಪ ಗಟ್ಟಿ," ಎಂದ. ಆರು ಜನರೂ ನಕ್ಕರು.

ಆರು ವರ್ಷ ಕುಡಿದ ಫಾರ್ಮಲಿನ್ ಗಾಳಿಗೆ ಬಾರದ ವಾಕರಿಕೆ ಸುಗಿನೊಗೆ ಆ ನಗೆಗೆ ಬಂತು. ಚೀಟಿಯಲ್ಲಿ ತನ್ನ ಮುದ್ರೆಯಿದ್ದ ತುದಿಯನ್ನು ಹರಿದು ಬಾಯಿಗೆ ಹಾಕಿಕೊಂಡು ನುಂಗಿದಳು. ಡ್ರಾಯರಿನಿಂದ ಮುದ್ರೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ ನಿಮ್ಮ ಹೆಸರು ಒತ್ತಿ ಕಳ್ಸಿ."

ಮಿಯಾಕೆಯ ಮುದ್ರೆ ಅವನ ಜೇಬಿನಲ್ಲೇ ಇತ್ತು. ಲೋಳೆ ಕುಡಿದ ಆ ಮನುಷ್ಯನ ಕೈ ಜೇಬಿಗೆ ಹೋಗಲಿಲ್ಲ. ಮಧ್ಯಾಹ್ನ ಲಾರಿಯಿಂದ ಬಟ್ಟೆ ಇಳಿಸಿದರು.